ಉತ್ತರದ ಗೋಡೆ

ಹಿಮದ ಬೆಟ್ಟಗಳ ನಡುವೆ, ನದಿಯ ದಡದಲ್ಲಿ, ಒಂದು ಆಶ್ರಮವಿತ್ತು. ಎಂಟು ಮಂದಿ ವೃದ್ಧರು ಅಲ್ಲಿ ಕೊನೆಗಾಲ ಕಳೆಯುತ್ತಿದ್ದರು. ಅವರನ್ನು ನೋಡಿಕೊಳ್ಳುತ್ತಿದ್ದ ಗುರುವನ್ನು ಎಲ್ಲರೂ ಅಮ್ಮ ಎಂದೇ ಕರೆಯುತ್ತಿದ್ದರು.

ವೃದ್ಧರು ಮಲಗುವ ಮನೆಯನ್ನು ಕಟ್ಟಿದವನು ಶಿಷ್ಯ ನಿಜಗುಣ. ಹೊರಗೆ ಕಲ್ಲಿನ ಗೋಡೆ, ಒಳಗೆ ಹಲಗೆ, ಎರಡರ ನಡುವೆ ಕುರಿಯ ಉಣ್ಣೆ. ಮೂರು ಗೋಡೆ ಮುಗಿಯುವಷ್ಟರಲ್ಲಿ ಉಣ್ಣೆ ತೀರಿತು. ಮತ್ತೆ ತರಬೇಕೆಂದರೆ ಎರಡು ದಿನದ ದಾರಿ. ಉತ್ತರದ ಗೋಡೆಗೆ ಅವನು ಬರೀ ಹಲಗೆ ಬಡಿದುಬಿಟ್ಟ.

"ಉಣ್ಣೆ ಸಾಕಾಯಿತಾ?" ಅಮ್ಮ ಕೇಳಿದ್ದರು.

"ಸಾಕಾಯಿತು ಅಮ್ಮ."

ಚಳಿಗಾಲ ಬಂತು. ಒಲೆಗೆ ಎಷ್ಟು ಸೌದೆ ಒಟ್ಟಿದರೂ ಮನೆ ಬೆಚ್ಚಗಾಗಲಿಲ್ಲ. ಇಡೀ ಚಳಿಗಾಲಕ್ಕೆಂದು ಕೂಡಿಟ್ಟ ಸೌದೆ ಒಂದೇ ತಿಂಗಳಲ್ಲಿ ಅರ್ಧಕ್ಕಿಳಿಯಿತು. ಉತ್ತರದ ಗೋಡೆಯ ಪಕ್ಕ ಮಲಗುತ್ತಿದ್ದ ರುದ್ರಮುನಿ ತಾತನಿಗೆ ಕೆಮ್ಮು ಹತ್ತಿಕೊಂಡಿತು. ಆ ಕೆಮ್ಮು ಕೇಳಿದಾಗಲೆಲ್ಲ ನಿಜಗುಣ ಎದ್ದು ಒಲೆಗೆ ಇನ್ನೊಂದು ಸೌದೆ ಒಟ್ಟುತ್ತಿದ್ದ.

ಒಂದು ಮುಂಜಾನೆ ವಾಗ್ದೇವಿ ಎಂಬ ಭಕ್ತೆ ಬಂದಳು. ಮನೆಗಳ ಶಾಖ ಎಲ್ಲಿ ಸೋರಿಹೋಗುತ್ತದೆಂದು ಹುಡುಕುವುದೇ ಅವಳ ಕೆಲಸ. ಕೈಯಲ್ಲೊಂದು ಥರ್ಮಲ್ ಕ್ಯಾಮೆರಾ ಇತ್ತು.

"ಬೆಚ್ಚಗಿರುವುದು ಹಳದಿಯಾಗಿ ಕಾಣುತ್ತದೆ, ತಣ್ಣಗಿರುವುದು ನೀಲಿಯಾಗಿ," ಎಂದಳು.

ನಿಜಗುಣ ಕ್ಯಾಮೆರಾದತ್ತ ನೋಡಿದ. "ಗೋಡೆಯ ಒಳಗಿರುವುದೂ ಕಾಣುತ್ತದಾ?"

"ಒಳಗಿರುವುದು ಕಾಣುವುದಿಲ್ಲ. ಆದರೆ ಒಳಗೆ ಏನಿಲ್ಲ ಎಂಬುದು ಗೊತ್ತಾಗುತ್ತದೆ."

ಕ್ಯಾಮೆರಾವನ್ನು ಕೆಲವು ದಿನದ ಮಟ್ಟಿಗೆ ಬಿಟ್ಟು ಅವಳು ಕೆಳಗಿನ ಊರಿಗೆ ಹೋದಳು. ಅಮ್ಮ ಅದನ್ನು ನಿಜಗುಣನ ಕೈಗೆ ಕೊಟ್ಟರು.

"ಕಟ್ಟಿದವನು ನೀನು. ನೀನೇ ತೋರಿಸು."

ಪೂರ್ವದ ಗೋಡೆ ಹಳದಿಯಾಗಿತ್ತು. ದಕ್ಷಿಣ, ಪಶ್ಚಿಮವೂ ಹಾಗೆಯೇ. ಉತ್ತರಕ್ಕೆ ತಿರುಗುವ ಮೊದಲು ಅವನು ನಿಂತ. ಆರು ವರ್ಷದ ಹಿಂದೆ ದಿಕ್ಕಿಲ್ಲದೆ ಬಂದವನನ್ನು ಒಳಗೆ ಕರೆದುಕೊಂಡವರು ಅಮ್ಮ. ಈಗ ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು?

ಅವನು ಕ್ಯಾಮೆರಾ ಇಳಿಸಿದ. "ಬ್ಯಾಟರಿ ಮುಗಿಯಿತು ಅಮ್ಮ."

ಅಮ್ಮ ಕ್ಯಾಮೆರಾ ಇಸಿದುಕೊಂಡು ಬಾಗಿಲ ಬಳಿಯ ಗೂಡಿನಲ್ಲಿಟ್ಟರು. ಅಂದೇ ರುದ್ರಮುನಿ ತಾತನನ್ನು ತಮ್ಮ ಕೋಣೆಗೆ ಕಳಿಸಿ, ತಾತನ ಜಾಗದಲ್ಲಿ ತಮ್ಮ ಚಾಪೆ ಹಾಸಿಕೊಂಡರು.

ಎರಡು ದಿನ ಕಳೆಯಿತು. ನಿಜಗುಣನಿಗೆ ಊಟ ಸೇರಲಿಲ್ಲ. ಹೇಳಿಬಿಡಬೇಕೆಂದು ಹತ್ತು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಿದ.

ದಿನವೂ ನಸುಕಿನಲ್ಲಿ ನೀರಿಗೆ ಬರುವ ಅಮ್ಮ ಮೂರನೆಯ ಬೆಳಿಗ್ಗೆ ನದಿಗೆ ಬರಲಿಲ್ಲ.

ನಿಜಗುಣ ಓಡಿದ. ಅಮ್ಮ ಗೋಡೆಯ ಪಕ್ಕ ಮುದುಡಿ ಮಲಗಿದ್ದರು. ಅಲುಗಾಟವಿರಲಿಲ್ಲ. ಮುಟ್ಟಿ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ. ಮುಟ್ಟಿದ ಮೈ ತಣ್ಣಗಿದ್ದರೆ?

ಗೂಡಿನಿಂದ ಕ್ಯಾಮೆರಾ ಎಳೆದುಕೊಂಡು ಅವರತ್ತ ಹಿಡಿದ.

ತೆರೆಯ ತುಂಬ ಕಡುನೀಲಿ. ಅದರ ಬುಡದಲ್ಲಿ ಒಂದು ಪುಟ್ಟ ಆಕಾರ. ಮುಖದಲ್ಲಿ ಮಾತ್ರ ಮಂಕು ಹಳದಿ. ಬೆರಳುಗಳೂ ಗೋಡೆಯೂ ಒಂದೇ ಬಣ್ಣ.

"ಅಮ್ಮಾ!"

ಅಮ್ಮ ಕಣ್ಣು ತೆರೆದರು. "ಏನು ಕಾಣುತ್ತಿದೆ?"

ನಿಜಗುಣ ನೆಲಕ್ಕೆ ಕುಸಿದ. "ಗೋಡೆ ಖಾಲಿ ಇದೆ ಅಮ್ಮ. ಉಣ್ಣೆ ಸಾಲಲಿಲ್ಲ. ನಾನೇ ಖಾಲಿ ಬಿಟ್ಟು ಹಲಗೆ ಬಡಿದೆ."

ಅಮ್ಮ ಮೆಲ್ಲಗೆ ಎದ್ದು ಕೂತರು. ಅವನು ತನ್ನ ಕಂಬಳಿ ತೆಗೆದು ಅವರಿಗೆ ಹೊದಿಸಿದ.

"ನಿಮಗೆ ಯಾವಾಗ ಗೊತ್ತಾಯಿತು?"

"ಬ್ಯಾಟರಿ ಮುಗಿಯಿತು ಅಂದೆಯಲ್ಲ, ಆಗ. ನೀನು ಕೊಟ್ಟ ಕ್ಯಾಮೆರಾದ ತೆರೆಯಲ್ಲಿ ಇನ್ನೂ ಬೆಳಕಿತ್ತು."

"ನನ್ನನ್ನು ಕೇಳಬಹುದಿತ್ತಲ್ಲ?"

"ಒಮ್ಮೆ ಕೇಳಿದ್ದೆ."

ಅವನಿಗೆ ತಲೆ ಎತ್ತಲಾಗಲಿಲ್ಲ. "ನಾನು ಹೊರಟುಹೋಗಲಾ?" ಎಂದ.

"ಹೋಗು. ಕೊಟ್ಟಿಗೆಗೆ. ಅಟ್ಟದ ಮೇಲೆ ಒಣಹುಲ್ಲು ಇದೆ, ಇಳಿಸಿಕೊಂಡು ಬಾ. ಗೋಡೆಗೆ ತುಂಬಲು ಅದೂ ಆಗುತ್ತದೆ ಎಂದು ವಾಗ್ದೇವಿ ಹೇಳಿದ್ದಾಳೆ."

ಅವನು ಹುಲ್ಲು ಹೊತ್ತು ತಂದ. ಅಷ್ಟರಲ್ಲಿ ವೃದ್ಧರೆಲ್ಲ ಎದ್ದು ಕೂತಿದ್ದರು. ರುದ್ರಮುನಿ ತಾತನೂ ಕೆಮ್ಮುತ್ತಾ ಬಂದು ಹೊಸಿಲ ಬಳಿ ನಿಂತಿದ್ದ. ಎಲ್ಲರ ಕಣ್ಣೂ ನಿಜಗುಣನ ಮೇಲೆ. ಅವನು ಸುತ್ತಿಗೆ ಹಿಡಿದು ಗೋಡೆಯ ಮುಂದೆ ನಿಂತ. ಮೊದಲ ಹಲಗೆ ಕಿತ್ತರೆ ಸಾಕು, ಒಳಗಿನ ಬರಿದು ಎಲ್ಲರಿಗೂ ಕಾಣುತ್ತದೆ.

"ಅಮ್ಮ, ಭಯವಾಗುತ್ತಿದೆ. ಕೈ ನಡುಗುತ್ತಿದೆ."

ಅಮ್ಮ ಹಲಗೆಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಡುಗಲಿ. ನಡುಗುವ ಕೈಯಿಂದಲೂ ಮೊಳೆ ಕಿತ್ತು ಬರುತ್ತದೆ."