ನೀಲಿ ಮೀನಿಗೆ ಅಕ್ಕುವಿನ ಕನ್ನಡಿ

ಶೆಣೈ ಧಣಿಗಳ ಮನೆಯಲ್ಲಿ ದೊಡ್ಡ ಗಾಜಿನ ತೊಟ್ಟಿ; ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಳಗೆ ಉಪ್ಪುನೀರು, ಜೀವಂತ ಹವಳ, ಬಣ್ಣದ ಮೀನು. ಅದರಲ್ಲೊಂದು ನೀಲಿ ಮೀನು ಮಹಾ ಜಗಳಗಂಟ. ಉಳಿದವನ್ನೆಲ್ಲ ಕಚ್ಚುತ್ತಿತ್ತು. ಬಲೆ ಕಂಡರೆ ಹವಳದ ಸಂದಿಗೆ ನುಗ್ಗುತ್ತಿತ್ತು.

ಧಣಿಗಳು ಕೂಗಾಡಿದರು. "ಸಂಜೆಯೊಳಗೆ ಹಿಡಿ ಮಾರಾಯ. ಒಂದು ಹವಳ ಅಲುಗಿದರೂ ನಾಳೆಯಿಂದ ಕೆಲಸಕ್ಕೆ ಬರಬೇಡ."

ಹೆಂಡತಿ ಅಕ್ಕು ತೀರಿಹೋದ ಮೇಲೆ ನನಗಿದ್ದದ್ದು ಆ ಕೆಲಸ ಒಂದೇ.

ಮನೆಗೆ ಹೋಗಿ ಅವಳು ಕುಂಕುಮ ಇಡುತ್ತಿದ್ದ ಕನ್ನಡಿ ತಂದೆ. ಗಾಜಿನ ಜಾಡಿಯೊಂದನ್ನು ತೊಟ್ಟಿಯ ಮರಳಿನ ಮೇಲೆ ಮಲಗಿಸಿ, ಅದರ ತಳವನ್ನು ತೊಟ್ಟಿಯ ಗಾಜಿಗೆ ತಾಗಿಸಿದೆ. ಹೊರಗಿನಿಂದ ಅಲ್ಲಿಗೇ ಕನ್ನಡಿ ಹಿಡಿದೆ. ನೀಲಿ ಮೀನಿಗೆ ಇನ್ನೊಂದು ನೀಲಿ ಮೀನು ಕಂಡಿತು. ಜಗಳಕ್ಕೆಂದು ಸೀದಾ ಜಾಡಿಯೊಳಗೆ ನುಗ್ಗಿತು. ಅಂಗೈಯಿಂದ ಜಾಡಿಯ ಬಾಯಿ ಮುಚ್ಚಿ ಎತ್ತಿದೆ.

ಧಣಿಗಳು ಕಣ್ಣರಳಿಸಿದರು. "ಯಾರು ಕಲಿಸಿದ್ದು ಇದನ್ನು?"

"ಅಕ್ಕು, ಧಣಿ. ನಾನು ಕೂಗಾಡಿದರೆ ಈ ಕನ್ನಡಿಯನ್ನು ನನ್ನ ಮುಖಕ್ಕೆ ಹಿಡಿಯುತ್ತಿದ್ದಳು."

ಧಣಿಗಳು ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು. ಆಮೇಲೆ ಜೋರಾಗಿ ನಕ್ಕರು.

"ನಾಳೆ ಬೇಗ ಬಾ. ಇದನ್ನು ಇಲ್ಲಿ ಬಿಟ್ಟು ಹೋಗಬೇಡ ಮಾರಾಯ, ನಮ್ಮವಳು ಕಂಡಾಳು!"

ಮನೆಗೆ ಬಂದು ಕನ್ನಡಿಯನ್ನು ಅದರ ಮೊಳೆಗೇ ತೂಗುಹಾಕಿದೆ.

"ನನ್ನ ಕೆಲಸ ನೀನೇ ಉಳಿಸಿದೆ ಮಾರಾಯ್ತಿ" ಎಂದೆ.