ಹಳೆ ಜೀಪಿನ ಎಂಜಿನ್ ಆಯಿಲ್

ಎರಡು ಲಕ್ಷ ಕಿಲೋಮೀಟರ್ ಓಡಿದ್ದ ಜೀಪೊಂದನ್ನು ಕೊಂಡುತಂದ ಸರ್ವಮಂಗಳಾ ಟೀಚರ್, ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ಅದರಡಿ ನುಸುಳಿ, ಆಯಿಲ್ ಬದಲಿಸಲು ಬೋಲ್ಟ್ ಬಿಚ್ಚಿದರು. ಡಾಂಬರಿನಂತೆ ಕಪ್ಪಾಗಿದ್ದ ಹಳೆ ಆಯಿಲ್ ಇಳಿಯಲೊಪ್ಪದೆ ಎಂಜಿನ್ನಿಗೆ ಅಂಟಿಕೊಂಡಿತು.

"ನಿನ್ನ ಸ್ವಭಾವ ಬಲ್ಲವನು ನಾನು. ಹೊಸಬನಿಗೇನು ಗೊತ್ತು?" ಎಂದಿತು.

ಎಂಜಿನ್ ಹೇಳಿತು: "ಅಣ್ಣಾ, ನನ್ನ ಕೊಳೆಯನ್ನೆಲ್ಲ ಹೊತ್ತು ದಣಿದಿದ್ದೀಯ. ಇನ್ನೂ ನೀನೇ ಉಳಿದರೆ ನಾನು ಸವೆದುಹೋಗುತ್ತೇನೆ. ಬಂದ ದಿನ ನಿನಗೂ ಏನೂ ಗೊತ್ತಿರಲಿಲ್ಲವಲ್ಲ!"

ಹಳೆ ಆಯಿಲ್‌ಗೆ ನಗು ಬಂತು. ಅದು ಸರಾಗವಾಗಿ ಡಬ್ಬಿಗಿಳಿಯಿತು.

ಟೀಚರ್ ಬೋಲ್ಟ್ ಬಿಗಿದು, ಹೊಸ ಆಯಿಲ್ ಸುರಿದು, ಕೀಲಿ ತಿರುಗಿಸಿದರು. "ಕೇಳಿಸಿತೇನ್ರೀ? ಗೊರಗೊರ ಸದ್ದೇ ಇಲ್ಲ!" ಎಂದು ಗಂಡನನ್ನು ಕೂಗಿದರು.

ಡಬ್ಬಿಯೊಳಗಿದ್ದ ಹಳೆ ಆಯಿಲ್ ಕಿವಿಗೊಟ್ಟು ಆಲಿಸಿತು. "ಪರವಾಗಿಲ್ಲ, ನಮ್ಮ ಹೊಸ ಹುಡುಗ ಗಟ್ಟಿಗ!" ಎಂದು ಹೆಮ್ಮೆಪಟ್ಟಿತು.