ಫಕೀರವ್ವ ಹಾಕಿದ ಏಳು ಗಂಟು

ಬಹಳ ಹಿಂದೆ, ಆ ಕೆಂಪು ಗುಡ್ಡಕ್ಕೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ, ಅದರ ಬುಡದಲ್ಲಿ ಕೆಂದೂಳಿ ಅಂತ ಒಂದು ಊರಿತ್ತಂತೆ. ಅರವತ್ತು ಮನೆ, ಒಂದು ಹಳ್ಳ. ಅಲ್ಲಿ ಫಕೀರವ್ವ ಅನ್ನೋ ಜಾಲಗಾರ್ತಿ ಇದ್ದಳಂತೆ. ಜಾಲಗಾರರು ಅಂದರೆ ಮಣ್ಣು ತೊಳೆದು ಚಿನ್ನದ ಪುಡಿ ತೆಗೆಯೋರು. ಅವಳು ಕೈಗೆತ್ತಿಕೊಂಡರೆ ಮಣ್ಣೇ ಮಾತಾಡುತ್ತಿತ್ತಂತೆ. ನಾನಂತೂ ಕೇಳಿಲ್ಲಪ್ಪ. ನಮ್ಮಜ್ಜಿ ಕೇಳಿದ್ದೇನೆ ಅನ್ನುತ್ತಿದ್ದಳು, ಅವಳಿಗೋ ಕಿವಿ ಮಂದ.

ಒಮ್ಮೆ ಆ ಸೀಮೆಯ ದೇಸಾಯಿ, ಎಲ್ಲೆಲ್ಲಿ ಎಷ್ಟು ಚಿನ್ನ ಇದೆ ನೋಡಿ ತಿಳಿಸು ಅಂತ ಅವಳಿಗೆ ಹೇಳಿ ಕಳಿಸಿದನಂತೆ. ಫಕೀರವ್ವ ಹಳ್ಳದ ಮರಳು ಒಂದು ಬುಟ್ಟಿ ತೊಳೆದಳು. ಎರಡು ಸಾಸಿವೆ ಕಾಳಿನ ತೂಕದಷ್ಟು ಸಿಕ್ಕಿತು. ಒಂದು ಹಗ್ಗಕ್ಕೆ ಎರಡು ಗಂಟು ಹಾಕಿದಳು. ಊರೊಳಗಿನದು ಬಡ ಮಣ್ಣು, ಒಂದು ಬುಟ್ಟಿ ತೊಳೆದರೆ ತಕ್ಕಡಿ ಅಲುಗುವುದೇ ಇಲ್ಲ. ಅಂಥದ್ದನ್ನು ಜಾಲಗಾರರು ಬಂಡಿ ಲೆಕ್ಕದಲ್ಲಿ ತೊಳೆಯೋದು ವಾಡಿಕೆ. ಹಾಗೆ ಒಂದು ಬಂಡಿ ತೊಳೆದಳು, ಏಳು ಕಾಳಿನ ತೂಕ ಬಂತು, ಇನ್ನೊಂದು ಹಗ್ಗಕ್ಕೆ ಏಳು ಗಂಟು ಹಾಕಿದಳು. ಇದು ಹಳ್ಳದ್ದು, ಇದು ಊರಿನದು ಅಂತ ಹೇಳಿ ದೇಸಾಯಿಯ ಆಳಿನ ಕೈಗೆ ಕೊಟ್ಟಳು. ಬುಟ್ಟಿ, ಬಂಡಿ ಅನ್ನೋ ಮಾತು ಎತ್ತಲೇ ಇಲ್ಲ. ಜಾಲಗಾರರು ತಮ್ಮತಮ್ಮಲ್ಲಿ ಅದನ್ನು ಹೇಳುತ್ತಲೇ ಇರಲಿಲ್ಲವಂತೆ, ಎಲ್ಲರಿಗೂ ಗೊತ್ತಿರುತ್ತಿತ್ತು.

ದೇಸಾಯಿಗೇನು ಗೊತ್ತು? ಎರಡಕ್ಕಿಂತ ಏಳು ದೊಡ್ಡದು. ಹುಣ್ಣಿಮೆಯೊಳಗೆ ಅರವತ್ತೂ ಮನೆ ಕೆಡವಿ ಊರು ಅಗೆಯಿರಿ ಅಂತ ಅಪ್ಪಣೆ ಕೊಟ್ಟನಂತೆ. ಊರವರು ಗೋಳಾಡಿದರು. ಬಾಣಂತಿಯರಿದ್ದರು, ಹಾಸಿಗೆ ಹಿಡಿದವರಿದ್ದರು, ಪಾಪ, ಎಲ್ಲಿಗೆ ಹೋಗಬೇಕು ಅವರೆಲ್ಲ? ಆಗ ಫಕೀರವ್ವನಿಗೆ ತನ್ನ ತಪ್ಪು ಹೊಳೆಯಿತಂತೆ. ಸುಮ್ಮನಿದ್ದಿದ್ದರೆ ಅವಳತ್ತ ಯಾರೂ ಬೆರಳು ತೋರಿಸುತ್ತಿರಲಿಲ್ಲ. ಅವಳು ಸುಮ್ಮನಿರಲಿಲ್ಲ. ನೆಟ್ಟಗೆ ದೇಸಾಯಿಯ ವಾಡೆಗೆ ಹೋಗಿ ನಿಂತಳು.

"ತಪ್ಪು ನಂದೈತ್ರಿ ಧಣಿ. ಗಂಟು ಹಾಕಿ ಕಳಿಸಿದೆ, ಎಷ್ಟು ಮಣ್ಣಿಗೆ ಅಂತ ಹೇಳಿ ಕಳಿಸಲಿಲ್ಲ" ಅಂದಳಂತೆ.

ದೇಸಾಯಿ ನಂಬಲಿಲ್ಲ. ಮನೆ ಉಳಿಸಿಕೊಳ್ಳೋಕೆ ಕಥೆ ಕಟ್ಟುತ್ತಾಳೆ ಅಂದುಕೊಂಡು ತಾನೇ ಕೆಂದೂಳಿಗೆ ಬಂದ. ಊರ ನಡುವಿನ ಮಣ್ಣು ಒಂದು ಬುಟ್ಟಿ ತೊಳೆಸಿದ. ತಕ್ಕಡಿ ಅಲುಗಲಿಲ್ಲ. ಹಾಗಾದರೆ ಇಲ್ಲಿ ಚಿನ್ನವೇ ಇಲ್ಲ, ಏಳು ಗಂಟೂ ಸುಳ್ಳು, ಇವಳ ಕೈ ಕಡಿಯಿರಿ ಅಂದನಂತೆ. ಫಕೀರವ್ವನಿಗೆ ಹೆದರಿಕೆಯಾಯಿತು, ಯಾರಿಗಾಗುವುದಿಲ್ಲ ಹೇಳಿ? ಆದರೂ ಬಾಯಿ ಬಿಟ್ಟಳು.

"ಇಲ್ಲ ಅಂತಲ್ರಿ. ನಿಮ್ಮ ತಕ್ಕಡಿಗೆ ಸಿಗೋವಷ್ಟು ಇಲ್ಲ. ಇನ್ನೂ ಮೂವತ್ತೊಂಬತ್ತು ಬುಟ್ಟಿ ತೊಳೆಸ್ರಿ, ಅಲ್ಲಿಗೆ ಒಂದು ಬಂಡಿ ಆಗತೈತಿ. ಆಮ್ಯಾಲ ಕೈ ಕಡೀರಿ."

ಬೆಳಗಿನಿಂದ ಸಂಜೆಯವರೆಗೆ ತೊಳೆದರಂತೆ. ಹತ್ತು ಬುಟ್ಟಿ, ಇಪ್ಪತ್ತು ಬುಟ್ಟಿ, ಊರಿಗೆ ಊರೇ ನೀರು ಹೊತ್ತಿತಂತೆ. ನಲವತ್ತನೆಯದು ಮುಗಿಸಿ ಎಲ್ಲ ಪುಡಿ ಕೂಡಿಸಿ ತೂಗಿದಾಗ ಏಳು ಸಾಸಿವೆ ಕಾಳಿನ ತೂಕ, ಹೆಚ್ಚಿಲ್ಲ, ಕಮ್ಮಿಯಿಲ್ಲ. ಹಳ್ಳದ ಮರಳಾಗಿದ್ದರೆ ಇದೇ ಒಂದು ಬಂಡಿಗೆ ಎಂಬತ್ತು ಕಾಳು ಅಂತ ಫಕೀರವ್ವ ಬಿಡಿಸಿ ಹೇಳಿದಳು. ದೇಸಾಯಿ ಮನೆಗಳನ್ನು ಮುಟ್ಟಬೇಡಿ ಅಂತ ಹೇಳಿ ಕುದುರೆ ಹತ್ತಿದ.

ಕೆಂದೂಳಿಯಲ್ಲಿ ಇವತ್ತಿಗೂ ಹೊಸ ಮನೆ ಕಟ್ಟುವಾಗ ಬುನಾದಿಯ ಮಣ್ಣು ಒಂದು ಬಂಡಿ ತೊಳೆಯುತ್ತಾರೆ, ಓಣಿಯವರೆಲ್ಲ ಕೈಜೋಡಿಸುತ್ತಾರೆ. ಎಷ್ಟು ಮಣ್ಣಿಗೆ ಎಷ್ಟು ಚಿನ್ನ ಅಂತ ಮನೆಯ ಹಿರಿಯ ಹೆಣ್ಣುಮಗಳು ಎಲ್ಲರಿಗೂ ಕೇಳುವಂತೆ ಹೇಳಬೇಕು. ಹೇಳಿದ ಮೇಲೆ ಆ ಚಿನ್ನವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಬುನಾದಿಗೇ ಸುರಿದು, ಅದರ ಮೇಲೆ ಮೊದಲ ಕಲ್ಲು ಇಡುತ್ತಾರೆ.